ಊರಲ್ಲೇ ದವಾಖಾನೆ ಇದ್ದರೂ ಹೆರಿಗೆಗೆ ರಾಯಚೂರಿಗೆ ಯಾಕೆ ಕಳಿಸುತ್ತಾರೆ?

"ನಮ್ಮೂರಾಗ ದವಾಖಾನಿ ಐತಿ, ಡಾಕ್ಟ್ರು ಅದಾರ, ಸಿಸ್ಟರ್ ಅದಾರ. ಮತ್ತ ಬ್ಯಾನಿ ತಿನ್ನಾಕ ಹತ್ತಿದ ಹುಡುಗೀನ ರಾಯಚೂರಿಗೆ ಯಾಕ ಕಳಸ್ತಾರ್ರಿ?"

ಮಸ್ಕಿ, ದೇವದುರ್ಗದ ಕಡೆ ಈ ಪ್ರಶ್ನೆ ಕೇಳದ ಅಜ್ಜಿಯೇ ಇಲ್ಲ. ಕುಷ್ಟಗಿಗೆ ಹೋದರೆ ರಾಯಚೂರಿನ ಜಾಗದಲ್ಲಿ ಕೊಪ್ಪಳ ಬರುತ್ತದೆ, ಸಿರುಗುಪ್ಪಕ್ಕೆ ಹೋದರೆ ಬಳ್ಳಾರಿ. ಪ್ರಶ್ನೆ ಮಾತ್ರ ಅದೇ.

ಈ ಪ್ರಶ್ನೆಗೆ ಈಗ ಹೆಚ್ಚು ತೂಕ ಬಂದಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಕಾಯಿಲೆ ಬಿದ್ದರು, ಐವರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಸಲೈನ್ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ರಾಜ್ಯದಲ್ಲಿ ಆದ ಎಲ್ಲ ತಾಯಂದಿರ ಸಾವುಗಳ ಪರಿಶೀಲನೆಯೂ ನಡೆಯಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳನ್ನು ನೋಡಿದವರು, ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದ ಸಾವುಗಳು ಎಂದರು. ಆಮೇಲೆ ಆರೋಗ್ಯ ಇಲಾಖೆ ಹೊಸ ದಾರಿಯೊಂದನ್ನು ಹಿಡಿಯಿತು: ಹೆರಿಗೆ ಕಡಿಮೆ ಇರುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞ ವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದು, ಅಲ್ಲಿ ಹಗಲಿರುಳೂ ಹೆರಿಗೆ ಸೇವೆ ಸಿಗುವಂತೆ ಮಾಡುವುದು. "ನಮ್ಮ ಡಾಕ್ಟರನ್ನ ಕಸಗೊಂಡ್ರು" ಎಂಬ ಸಿಟ್ಟು ಒಂದು ಕಡೆ, "ಒಂದು ಕಡೆಗಾದ್ರೂ ಎಲ್ಲಾ ಇರಲಿ" ಎಂಬ ವಾದ ಇನ್ನೊಂದು ಕಡೆ. ಎರಡೂ ಯಾಕೆ ಹುಟ್ಟುತ್ತವೆ ಎಂದು ತಿಳಿಯಬೇಕಾದರೆ ಹೆರಿಗೆ ಸೇವೆ ಒಳಗಿನಿಂದ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಲೆಕ್ಕ ಏನು ಹೇಳುತ್ತದೆ

ಬಸಿರಿನಲ್ಲಿ, ಹೆರಿಗೆಯ ಹೊತ್ತಿನಲ್ಲಿ, ಅಥವಾ ಬಸಿರು ಮುಗಿದ 42 ದಿನಗಳ ಒಳಗೆ, ಬಸಿರಿಗೆ ಸಂಬಂಧಪಟ್ಟ ಕಾರಣದಿಂದ ಹೆಣ್ಣುಮಗಳು ತೀರಿಕೊಂಡರೆ ಅದನ್ನು ತಾಯಿ ಮರಣ ಎಂದು ಬರೆದುಕೊಳ್ಳುತ್ತಾರೆ. ಹಾವು ಕಚ್ಚಿದ್ದು, ಬಸ್ ಅಪಘಾತ ಇದರಲ್ಲಿ ಸೇರುವುದಿಲ್ಲ. ಒಂದು ಲಕ್ಷ ಜೀವಂತ ಹೆರಿಗೆಗೆ ಇಂಥ ಸಾವು ಎಷ್ಟು ಎಂಬುದೇ ತಾಯಿ ಮರಣ ಪ್ರಮಾಣ.

2004–06ರಲ್ಲಿ ಕರ್ನಾಟಕದ ಈ ಸಂಖ್ಯೆ 213 ಇತ್ತು. 2018–20ರ ಹೊತ್ತಿಗೆ 69ಕ್ಕೆ ಇಳಿದಿತ್ತು. ದೇಶದ ಸರಾಸರಿ ಆಗ 97. ಆದರೆ ಅದೇ ವರ್ಷಗಳಲ್ಲಿ ತಮಿಳುನಾಡು 54, ಆಂಧ್ರ 45, ಕೇರಳ 19ರಲ್ಲಿದ್ದವು. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು.

ಇದರ ಜೊತೆ ಇನ್ನೊಂದು ಅಂಕಿಯನ್ನೂ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಆಸ್ಪತ್ರೆಗೆ ಬನ್ನಿ ಎಂದು ಜನರನ್ನು ಒಪ್ಪಿಸುವ ಕೆಲಸ ಬಹುಪಾಲು ಮುಗಿದಿದೆ. ಈಗ ಕೇಳಬೇಕಾದದ್ದು ಬೇರೆ: ಯಾವ ಆಸ್ಪತ್ರೆಗೆ, ಎಷ್ಟು ಹೊತ್ತಿಗೆ, ಅಲ್ಲಿ ಆ ಹೊತ್ತಿನಲ್ಲಿ ಯಾರಿದ್ದರು?

ಗಡಿಯಾರ ಒಂದು ಕಡೆ, ದಾರಿ ಒಂದು ಕಡೆ

ನೂರು ಬಸುರಿಯರಲ್ಲಿ ಸುಮಾರು 85 ಮಂದಿಗೆ ದೊಡ್ಡ ತೊಡಕೇನೂ ಬರುವುದಿಲ್ಲ. ಒಳ್ಳೆಯ ತರಬೇತಿ ಇರುವ ಸಿಸ್ಟರ್ ಇದ್ದರೆ ಸಾಕು. ಉಳಿದ ಸುಮಾರು 15 ಮಂದಿಗೆ ತೊಡಕು ಬರುತ್ತದೆ. ಆ ಹದಿನೈದರಲ್ಲಿ ಕೆಲವರನ್ನು ಮೊದಲೇ ಗುರುತಿಸಬಹುದು: ತೀರಾ ಚಿಕ್ಕ ವಯಸ್ಸು, ಹಿಂದೆ ಸಿಸೇರಿಯನ್ ಆದವರು, ಅವಳಿ ಮಕ್ಕಳು, ಬಿಪಿ, ಸಕ್ಕರೆ, ರಕ್ತ ತೀರಾ ಕಡಿಮೆ. ಆದರೆ ಎಲ್ಲ ಸರಿಯಿದ್ದವಳಿಗೂ ಹೆರಿಗೆಯಾದ ಅರ್ಧ ಗಂಟೆಯಲ್ಲಿ ರಕ್ತಸ್ರಾವ ಶುರುವಾಗಬಹುದು. ಹೆರಿಗೆ ಸೇವೆಯನ್ನು ಕಷ್ಟ ಮಾಡುವುದು ಈ ಎರಡನೆಯ ಗುಂಪು.

ತೊಡಕು ಶುರುವಾದ ಮೇಲೆ ಚಿಕಿತ್ಸೆ ಸಿಗದಿದ್ದರೆ ಎಷ್ಟು ಹೊತ್ತು ಉಳಿದಿರುತ್ತದೆ? ತಜ್ಞರು ಕೊಡುವ ಸರಾಸರಿ ಅಂದಾಜು ಹೀಗಿದೆ. ಹೆರಿಗೆ ನಂತರದ ರಕ್ತಸ್ರಾವಕ್ಕೆ 2 ಗಂಟೆ. ಹೆರಿಗೆಗೆ ಮೊದಲೇ ಬರುವ ರಕ್ತಸ್ರಾವಕ್ಕೆ 12 ಗಂಟೆ. ಬಿಪಿ ಏರಿ ಫಿಟ್ಸ್ ಬಂದರೆ 2 ದಿನ. ಮಗು ಅಡ್ಡಲಾಗಿ ಅಥವಾ ಸಿಕ್ಕಿಕೊಂಡು ಹೆರಿಗೆ ನಿಂತುಹೋದರೆ 3 ದಿನ. ನಂಜೇರಿದರೆ 6 ದಿನ.

ಈಗ ದಾರಿ ನೋಡಿ. ಸಿಂಧನೂರಿನಿಂದ ರಾಯಚೂರಿಗೆ 80 ಕಿಲೋಮೀಟರಿಗೂ ಹೆಚ್ಚು. ಲಿಂಗಸುಗೂರಿನಿಂದ ಸುಮಾರು 90. ಇವು ತಾಲ್ಲೂಕು ಕೇಂದ್ರಗಳ ಲೆಕ್ಕ. ಹಳ್ಳಿಯಿಂದ ತಾಲ್ಲೂಕಿಗೆ ಬರುವ ದಾರಿ ಇದರಲ್ಲಿಲ್ಲ. ಆಂಬುಲೆನ್ಸ್ ಬೇರೆ ಊರಿನಿಂದ ಬರಬೇಕಾದರೆ ಆ ದಾರಿಯೂ ಸೇರುತ್ತದೆ: 20 ಕಿಲೋಮೀಟರ್ ದೂರದ ಆಸ್ಪತ್ರೆಯಿಂದಲೇ ಗಾಡಿ ಬರಬೇಕಾದರೆ, ಬಂದು ಹೋಗಲು 40 ಕಿಲೋಮೀಟರ್ ಓಡಬೇಕು. ಎರಡು ಗಂಟೆಯ ಗಡಿಯಾರದ ಎದುರು ಈ ಕಿಲೋಮೀಟರುಗಳನ್ನು ಇಟ್ಟು ನೋಡಿದರೆ, ರಕ್ತಸ್ರಾವ ಶುರುವಾದ ಮೇಲೆ ಹೊರಡುವುದು ಎಷ್ಟೋ ಸಲ ತಡವೇ ಎಂಬುದು ಗೊತ್ತಾಗುತ್ತದೆ. "ಇಲ್ಲಿ ಆಗಲ್ಲ, ಮುಂದಕ್ಕೆ ಹೋಗಿ" ಎಂದು ಸಿಸ್ಟರ್ ಬ್ಯಾನಿ ಎಳವಾಗಿರುವಾಗಲೇ ಹೇಳಿದರೆ, ಅದು ಹಲವು ಸಲ ಕೈ ಚೆಲ್ಲಿದ್ದಲ್ಲ, ಗಡಿಯಾರ ನೋಡಿ ಹೇಳಿದ ಮಾತು.

ತಡ ಆಗುವುದು ಎಲ್ಲೆಲ್ಲಿ

ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಈ ತಡವನ್ನು ಮೂರು ಭಾಗ ಮಾಡಿ ತೋರಿಸಿದರು. ಜಗತ್ತಿನಾದ್ಯಂತ ಇಂದಿಗೂ ಅದೇ ಲೆಕ್ಕ ನಡೆಯುತ್ತದೆ. ಮೊದಲನೆಯದು ಮನೆಯಲ್ಲಿ ಆಗುವ ತಡ: ಇದು ಅಪಾಯ ಎಂದು ಗೊತ್ತಾಗುವುದಕ್ಕೆ, ಹೊರಡೋಣ ಎಂದು ತೀರ್ಮಾನಿಸುವುದಕ್ಕೆ. ಎರಡನೆಯದು ದಾರಿಯಲ್ಲಿ. ಮೂರನೆಯದು ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ.

ಮನೆಯ ತಡ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ತಲೆನೋವು ಬಂದರೆ "ಬಿಸಲಾಗ ಅಡ್ಡಾಡಿದ್ದಕ್ಕ", ಕಾಲು ಬಾತರೆ "ಬಸರಾಗ ಹಂಗ ಇರತದ". ಬಿಪಿ ಏರಿದ್ದರ ಮೊದಲ ಸುಳಿವು ಇವೆರಡೇ ಆಗಿರಬಹುದು. ಗಂಡ ಬೆಂಗಳೂರಿನಲ್ಲಿ, ಮಾವ ಹೊಲದಲ್ಲಿ ಇದ್ದರೆ ಹೊರಡು ಎಂದು ಹೇಳುವವರು ಯಾರು ಎಂಬುದೇ ಒಂದು ಗಂಟೆಯ ಚರ್ಚೆ.

ದಾರಿಯ ತಡ ಈ ಸೀಮೆಯಲ್ಲಿ ಕೆಲವೊಮ್ಮೆ ನೀರಿನ ರೂಪದಲ್ಲಿ ಬರುತ್ತದೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯ ಊರುಗಳಿಗೆ ದಾರಿ ಕಟ್ಟಾಗುತ್ತದೆ. 2013ರ ಮಳೆಗಾಲದಲ್ಲಿ ಕೃಷ್ಣೆಯ ನಡುಗಡ್ಡೆಯೊಂದರ ತುಂಬು ಗರ್ಭಿಣಿ, ಒಣ ಸೋರೆಬುರುಡೆ ಕಟ್ಟಿಕೊಂಡು, ತನ್ನವರ ಆಸರೆಯಲ್ಲಿ ತುಂಬಿದ ಹೊಳೆಯನ್ನೇ ಈಜಿ ಆಚೆ ದಡ ಸೇರಿದ್ದಳು. ಊರಲ್ಲಿ ಹೆರಿಗೆಯ ವ್ಯವಸ್ಥೆ ಇರಲಿಲ್ಲ ಎಂಬುದೊಂದೇ ಕಾರಣ. ಆ ಸುದ್ದಿಯನ್ನು ಎಲ್ಲರೂ ಧೈರ್ಯದ ಕತೆಯಾಗಿ ಓದಿದರು. ನನಗೆ ಅದು ಎರಡನೆಯ ತಡದ ಕತೆಯಾಗಿಯೇ ಕಾಣುತ್ತದೆ. ಇಂಥ ಊರುಗಳಲ್ಲಿ ಮಾಡಬಹುದಾದದ್ದು ಒಂದೇ: ಹೊಳೆ ಏರುವ ಮೊದಲೇ ದಿನ ತುಂಬಿದವರ ಪಟ್ಟಿ ಮಾಡಿ, ಆಚೆ ದಡದ ನೆಂಟರ ಮನೆಗೋ ಆಸ್ಪತ್ರೆಗೋ ದಾಟಿಸುವುದು.

ಮೂರನೆಯ ತಡವೇ ಅಜ್ಜಿಯ ಪ್ರಶ್ನೆಗೆ ಉತ್ತರ ಇರುವ ಜಾಗ.

ಯಾವ ದವಾಖಾನೆಯಲ್ಲಿ ಏನಿರುತ್ತದೆ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆಸಿಕೊಳ್ಳಿ. ಜಲಾಶಯ, ಮುಖ್ಯ ಕಾಲುವೆ, ಉಪಕಾಲುವೆ, ಕೊನೆಗೆ ಹೊಲದ ತೂಬು. ಸರ್ಕಾರಿ ಆರೋಗ್ಯ ಸೇವೆಯ ಕಟ್ಟೋಣವೂ ಹೀಗೆಯೇ.

ತೂಬಿನ ಮಟ್ಟದಲ್ಲಿ ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ, ಸುಮಾರು 5,000 ಜನಕ್ಕೊಂದು ಉಪಕೇಂದ್ರ. ಇಲ್ಲಿ ತೂಕ, ಬಿಪಿ, ರಕ್ತ ನೋಡುತ್ತಾರೆ, ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅದರ ಮೇಲೆ ಸುಮಾರು 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಒಬ್ಬ ಎಂಬಿಬಿಎಸ್ ವೈದ್ಯರು, ಸಿಸ್ಟರ್‌ಗಳು. ಸಹಜ ಹೆರಿಗೆ ಇಲ್ಲಿ ಆಗಬಹುದು. ಸುಮಾರು 1,20,000 ಜನಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ. ಆಮೇಲೆ ತಾಲ್ಲೂಕು ಆಸ್ಪತ್ರೆ. ಎಲ್ಲಕ್ಕಿಂತ ಮೇಲೆ ಜಿಲ್ಲೆಯ ದೊಡ್ಡಾಸ್ಪತ್ರೆ: ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ.

ಹೆರಿಗೆಯ ತುರ್ತಿನಲ್ಲಿ ಬೇಕಾದ ಕೆಲಸಗಳನ್ನು ಎರಡು ಮಟ್ಟಗಳಾಗಿ ವಿಂಗಡಿಸುತ್ತಾರೆ. ಮೊದಲ ಮಟ್ಟ ಮೂಲಭೂತ ಸೇವೆ: ನಂಜಿಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್, ಗರ್ಭಕೋಶ ಬಿಗಿಯುವ ಔಷಧ, ಫಿಟ್ಸ್‌ಗೆ ಮೆಗ್ನೀಸಿಯಂ ಸಲ್ಫೇಟ್, ಬೀಳದ ಮಾಸನ್ನು ಕೈಯಿಂದ ತೆಗೆಯುವುದು, ಒಳಗೆ ಉಳಿದ ಚೂರುಗಳನ್ನು ತೆಗೆಯುವುದು, ಉಪಕರಣ ಹಿಡಿದು ಮಗುವನ್ನು ಹೊರತೆಗೆಯುವುದು, ಅಳದ ಮಗುವಿಗೆ ಉಸಿರು ಕೊಡುವುದು. ಒಟ್ಟು ಏಳು. ಇವಕ್ಕೆ ಸಿಸೇರಿಯನ್ ಮತ್ತು ರಕ್ತ ಕೊಡುವುದು ಸೇರಿದರೆ ಒಂಬತ್ತು. ಅದು ಎರಡನೆಯ ಮಟ್ಟ, ಸಮಗ್ರ ಸೇವೆ. 5 ಲಕ್ಷ ಜನಕ್ಕೆ ಇಂಥ ತುರ್ತು ಸೇವೆಯ ಐದು ಕೇಂದ್ರಗಳಾದರೂ ಇರಬೇಕು, ಅವುಗಳಲ್ಲಿ ಒಂದಾದರೂ ಒಂಬತ್ತೂ ಕೆಲಸ ಮಾಡುವಂಥದ್ದಾಗಿರಬೇಕು ಎಂಬುದು ವಿಶ್ವಸಂಸ್ಥೆಯ ಅಳತೆ.

ಊರ ದವಾಖಾನೆ ಹೆಚ್ಚೆಂದರೆ ಮೊದಲ ಏಳನ್ನು ಮಾಡಬಲ್ಲದು. ಹೊಟ್ಟೆ ಕೊಯ್ದು ಮಗು ತೆಗೆಯಬೇಕು, ರಕ್ತ ಏರಿಸಬೇಕು ಎಂದಾಗ ಮುಂದಕ್ಕೆ ಕಳಿಸಲೇಬೇಕು. ಕಳಿಸುವುದಕ್ಕೆ ಮೊದಲು ಮಾಡಬೇಕಾದ ಕೆಲಸವೂ ಇದೆ. ಮಗು ಹೊರಬಂದ ಮೇಲೆ ಗರ್ಭಕೋಶ ಮುಷ್ಟಿ ಬಿಗಿದಂತೆ ಬಿಗಿಯಬೇಕು. ಬಿಗಿದರೆ ರಕ್ತನಾಳಗಳ ಬಾಯಿ ಮುಚ್ಚಿ ರಕ್ತ ನಿಲ್ಲುತ್ತದೆ, ಸಡಿಲ ಬಿಟ್ಟರೆ ಹರಿಯುತ್ತಲೇ ಇರುತ್ತದೆ. ಬಿಗಿಯಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಲ್ಲಿ ಕರೆಂಟು ಹೋಗಿ ಫ್ರಿಜ್ ನಿಂತರೆ, ಸೀಸೆ ನೋಡಲು ಹಾಗೇ ಇರುತ್ತದೆ, ಒಳಗಿನ ಔಷಧದ ಶಕ್ತಿ ಕುಂದಿರುತ್ತದೆ. ಫ್ರಿಜ್ಜಿಗೆ ಬ್ಯಾಟರಿಯ ಆಸರೆ ಇದೆಯೇ ಎಂಬ ಸಣ್ಣ ವಿಷಯ ಇಲ್ಲಿ ಜೀವದ ವಿಷಯ.

ಒಂದು ಗೇಟು ಹೋದರೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದಲ್ಲಿ ಏನಾಯಿತು ಎಂದು ಈ ಮೂರೂ ಜಿಲ್ಲೆಯ ರೈತರಿಗೆ ನೆನಪಿದೆ. 33 ಗೇಟುಗಳಲ್ಲಿ 19ನೆಯದೊಂದರ ಚೈನ್ ಲಿಂಕ್ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಉಳಿದ 32 ತಮ್ಮ ಜಾಗದಲ್ಲೇ ಇದ್ದವು. ಆದರೂ ತುಂಬಿದ್ದ ನೀರು ಹರಿದುಹೋಗುತ್ತಲೇ ಇತ್ತು.

ಸಿಸೇರಿಯನ್ ವ್ಯವಸ್ಥೆಯೂ ಹಾಗೆಯೇ ನಿಂತಿದೆ. ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು, ಆಪರೇಷನ್ ಕೋಣೆಯ (ಒಟಿ) ಸಿಸ್ಟರ್, ರಕ್ತ, ಕರೆಂಟು. ಐದು ಇದ್ದು ಒಂದು ಇಲ್ಲದಿದ್ದರೆ ಅಲ್ಲಿ ಸಿಸೇರಿಯನ್ ನಡೆಯುವುದಿಲ್ಲ. "ಡಾಕ್ಟ್ರು ಅದಾರಲ್ಲ" ಎಂದು ಅಜ್ಜಿ ಕೇಳುವುದು ಸರಿ. ಹೆರಿಗೆ ಡಾಕ್ಟರ್ ಇರಬಹುದು, ಅರಿವಳಿಕೆ ಕೊಡುವವರು ಇರದೆ ಹೋಗಬಹುದು. ಬೋರ್ಡು ಇರುತ್ತದೆ, ಕಟ್ಟಡ ಇರುತ್ತದೆ, ಒಟಿಯ ಬಾಗಿಲಿಗೆ ಬೀಗ ಇರುತ್ತದೆ.

ಇನ್ನೊಂದು ಲೆಕ್ಕ ಯಾರೂ ಹೇಳುವುದಿಲ್ಲ. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿದರೆ, ಒಂದು ಕುರ್ಚಿಯನ್ನು ಹಗಲಿರುಳು ತುಂಬಲು ಮೂರೂವರೆ ಜನ ಬೇಕು. ಒಬ್ಬರೇ ಅರಿವಳಿಕೆ ತಜ್ಞರಿರುವ ಆಸ್ಪತ್ರೆಯಲ್ಲಿ ಅವರು ಮಲಗಲೇಬೇಕು, ಊರಿಗೆ ಹೋಗಲೇಬೇಕು, ಜ್ವರದಲ್ಲಿ ಬೀಳಲೇಬೇಕು. ಬ್ಯಾನಿಗೆ ಹೊತ್ತು ಗೊತ್ತು ಇಲ್ಲ. ಒಬ್ಬ ತಜ್ಞರನ್ನು ನೇಮಿಸಿದರೆ ಸಿಗುವುದು ಹಗಲಿನ ಸಿಸೇರಿಯನ್. ರಾತ್ರಿಯದಕ್ಕೆ ಕನಿಷ್ಠ ಇನ್ನೊಬ್ಬರಾದರೂ ಬೇಕು.

ಹತ್ತಿರ ಇರಲೋ, ಪೂರ್ತಿ ಇರಲೋ

30,000 ಜನರ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ತೆಗೆದುಕೊಳ್ಳಿ. ಸಾವಿರ ಜನಕ್ಕೆ ವರ್ಷಕ್ಕೆ 18 ಹೆರಿಗೆ ಎಂದು ಇಟ್ಟುಕೊಂಡರೆ ವರ್ಷಕ್ಕೆ 540, ತಿಂಗಳಿಗೆ 45. ಇವುಗಳಲ್ಲಿ ತೊಡಕಿನವು ತಿಂಗಳಿಗೆ ಏಳರ ಸುಮಾರು. ಆದರೆ ಕೆಲವರು ತವರಿಗೆ ಹೋಗುತ್ತಾರೆ, ಕೈಯಲ್ಲಿ ದುಡ್ಡಿದ್ದವರು ಗಂಗಾವತಿ, ಸಿಂಧನೂರಿನ ಖಾಸಗಿ ನರ್ಸಿಂಗ್ ಹೋಮಿಗೆ ಹೋಗುತ್ತಾರೆ, ಹೆದರಿದವರು ನೇರ ಜಿಲ್ಲಾಸ್ಪತ್ರೆಗೆ. ಉಳಿಯುವುದು ಬೆರಳೆಣಿಕೆ.

ಇಲ್ಲಿಂದ ಒಂದು ಸುಳಿ ಶುರುವಾಗುತ್ತದೆ. ಹೆರಿಗೆ ಕಡಿಮೆಯಾದರೆ ಸಿಸ್ಟರ್‌ಗಳ ಕೈಗೆ ರೂಢಿ ತಪ್ಪುತ್ತದೆ. ವರ್ಷಕ್ಕೊಮ್ಮೆ ಮಾತ್ರ ಮಾಸು ತೆಗೆದ ಕೈ ಹೆದರುತ್ತದೆ, ಅದು ಸಹಜ. ಹೆದರಿದ ಕೈ ಮುಂದಕ್ಕೆ ಕಳಿಸುತ್ತದೆ. ಕಳಿಸುತ್ತಾರೆ ಎಂದು ಗೊತ್ತಾದ ಮೇಲೆ ಜನ ಮೊದಲೇ ಹೋಗುವುದಿಲ್ಲ. ಹೆರಿಗೆ ಇನ್ನೂ ಕಡಿಮೆಯಾಗುತ್ತದೆ. ಅಲ್ಲಿಗೆ ಹುದ್ದೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆ ಕಡೆ ದೊಡ್ಡಾಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಇಬ್ಬರು.

ಚದುರಿದ ತಜ್ಞರನ್ನು ಒಂದೆಡೆ ಕೂಡಿಸುವ ನಿರ್ಧಾರದ ಹಿಂದೆ ಈ ಲೆಕ್ಕವಿದೆ: ಮೂರು ಕಡೆ ಅರ್ಧಂಬರ್ಧ ಇರುವ ಬದಲು ಒಂದು ಕಡೆ ರಾತ್ರಿ ಎರಡು ಗಂಟೆಗೂ ಪೂರ್ತಿ ತಂಡ. ಸಿಸೇರಿಯನ್ ಮಟ್ಟಿಗೆ ಈ ಲೆಕ್ಕ ಸರಿ ಎಂದೇ ನನಗನಿಸುತ್ತದೆ. ಆದರೆ ಅದರ ಬೆಲೆ ತೆರುವವರು ಕಾಲುವೆಯ ಕೊನೆ ಭಾಗದವರು. ತಾಲ್ಲೂಕು ಕೇಂದ್ರದಿಂದ ಮೂವತ್ತು, ನಲವತ್ತು ಕಿಲೋಮೀಟರ್ ದೂರದ ಹಳ್ಳಿಗೆ ದಾರಿ ಉದ್ದವಾಗುತ್ತದೆ. ಹಾಗಾಗಿ ಕೂಡಿಸುವ ಕೆಲಸದ ಜೊತೆಗೇ ಎರಡು ಸಂಗತಿ ಕೊನೆ ಭಾಗದಲ್ಲಿ ಉಳಿಯಬೇಕಾಗುತ್ತದೆ: ಮೊದಲ ಏಳು ಕೆಲಸ ಮಾಡಬಲ್ಲ, ರೂಢಿ ತಪ್ಪದ ಸಿಸ್ಟರ್‌ಗಳು, ಮತ್ತು ಕರೆದ ಕೂಡಲೇ ಬರುವ ಗಾಡಿ. ಇವೆರಡಿಲ್ಲದೆ ತಜ್ಞರನ್ನಷ್ಟೇ ಎತ್ತಿಕೊಂಡು ಹೋದರೆ, ಮುಖ್ಯ ಕಾಲುವೆಯಲ್ಲಿ ನೀರು ತುಂಬಿದ್ದರೂ ಹೊಲದ ತೂಬು ಒಣಗಿರುತ್ತದೆ.

ರಕ್ತದ ಮಾತು

ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ. ಅದೇ 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಬಸುರಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ ಇತ್ತು. ತುಂಬಿದ ಕೊಡದಿಂದ ಎರಡು ಚೆಂಬು ನೀರು ಚೆಲ್ಲಿದರೆ ಗೊತ್ತೇ ಆಗುವುದಿಲ್ಲ. ತಳ ಕಂಡ ಕೊಡದಿಂದ ಚೆಲ್ಲಿದರೆ ಉಳಿಯುವುದೇನು? ಗಟ್ಟಿ ಹೆಣ್ಣುಮಗಳು ತಡೆದುಕೊಳ್ಳುವ ಅರ್ಧ ಲೀಟರ್ ರಕ್ತಸ್ರಾವವನ್ನು ರಕ್ತವಿಲ್ಲದವಳ ಮೈ ತಡೆಯುವುದಿಲ್ಲ. ಅವಳ ಪಾಲಿಗೆ ಆ ಎರಡು ಗಂಟೆಯ ಗಡಿಯಾರ ಇನ್ನೂ ಬೇಗ ಓಡುತ್ತದೆ.

ಅದಕ್ಕೇ ಬಸಿರಿನಲ್ಲಿ 180 ದಿನ, ಹೆರಿಗೆ ನಂತರ 180 ದಿನ ಕಬ್ಬಿಣದ ಮಾತ್ರೆ. ಚಹಾದ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹುಳಿಯ ಜೊತೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುವುದು ಮಾತ್ರೆಯಿಂದ, ಹೆದರಬೇಕಿಲ್ಲ. ಮಾತ್ರೆ ಸಾಲದವರಿಗೆ ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂದದ್ದೂ ಈ ಕೊಡ ತುಂಬಿಸಲಿಕ್ಕೇ.

ತವರು, ಗುಳೆ, ತಾಯಿ ಕಾರ್ಡ್

ಕುಬಸ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ರೂಢಿ. ಆಸ್ಪತ್ರೆಯ ದೃಷ್ಟಿಯಿಂದ ಅದರ ಅರ್ಥ: ಐದಾರು ತಿಂಗಳು ನೋಡಿದ ಸಿಸ್ಟರ್ ಒಬ್ಬರು, ಹೆರಿಗೆ ಮಾಡಿಸುವವರು ಮತ್ತೊಬ್ಬರು. ಗುಳೆ ಹೋದವರ ಕಷ್ಟ ಇದಕ್ಕಿಂತ ಹೆಚ್ಚು. ಬೆಂಗಳೂರಿನ ಕಟ್ಟಡದ ಕೆಲಸದಲ್ಲೋ ಪುಣೆಯಲ್ಲೋ ಆರು ತಿಂಗಳು ಕಳೆದು ಎಂಟನೇ ತಿಂಗಳಿಗೆ ಊರಿಗೆ ಬರುವವಳ ಬಿಪಿ ಎಷ್ಟಿತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಈ ಎರಡು ಊರುಗಳ ನಡುವಿನ ಸೇತುವೆಯೇ ಬಸಿರಿನ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್. ನನ್ನ ಚಿಕ್ಕಮ್ಮನ ಮಗಳು ತವರಿಗೆ ಬಂದಾಗ ಕಾರ್ಡ್ ಗಂಡನ ಮನೆಯ ಟ್ರಂಕಿನಲ್ಲೇ ಉಳಿದಿತ್ತು. ಬ್ಯಾನಿ ಶುರುವಾದ ರಾತ್ರಿ ಸಿಸ್ಟರ್ "ರಕ್ತ ಎಷ್ಟಿತ್ರಿ, ಗುಂಪು ಯಾವುದ್ರಿ" ಎಂದು ಕೇಳಿದರೆ ಮನೆಮಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಪರೀಕ್ಷೆಯ ಫಲಿತಾಂಶ ಬರುವವರೆಗಿನ ಆ ಹೊತ್ತು ನನಗೆ ಇಂದಿಗೂ ಮರೆತಿಲ್ಲ. ತಾಯಿ, ಮಗು ಇಬ್ಬರೂ ಉಳಿದರು.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರೇ ಉಚಿತವಾಗಿ ನೋಡುತ್ತಾರೆ. ಅಪಾಯ ಹೆಚ್ಚಿರುವವರ ಕಾರ್ಡಿಗೆ ಕೆಂಪು ಸ್ಟಿಕರ್ ಅಂಟಿಸುತ್ತಾರೆ. ಕೆಂಪು ಬಿದ್ದರೆ ಊರ ದವಾಖಾನೆಯಲ್ಲಿ ಕಾಯುವುದು ಬೇಡ, ಎಲ್ಲಿ ಹೆರಿಗೆ ಎಂದು ಆಗಲೇ ನಿಶ್ಚಯಿಸಬೇಕು.

ಹಣದ ಮಾತು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಮೊದಲ ತಡಕ್ಕೆ ಅದೂ ಕಾರಣ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲ ಉಚಿತ. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ ಹೋಗುವ ಗಾಡಿಯೂ ಉಚಿತ. ಬಾಣಂತಿಯನ್ನು ಮನೆಗೆ ಬಿಡುವುದಕ್ಕೆ ನಗು-ಮಗು ಗಾಡಿ ಇದೆ.

ಏಳನೇ ತಿಂಗಳಲ್ಲಿ ಕೇಳಬೇಕಾದದ್ದು

ತಲೆ ಸಿಡಿತ, ಕಣ್ಣು ಮಂಜಾಗುವುದು, ಮುಖ–ಕೈ ಬಾವು, ಫಿಟ್ಸ್, ಯಾವುದೇ ರಕ್ತಸ್ರಾವ, ನೀರು ಒಡೆಯುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಹೆರಿಗೆ ನಂತರ ಜ್ವರ. ಇವುಗಳಲ್ಲಿ ಒಂದು ಕಂಡರೂ ಯಾರ ಒಪ್ಪಿಗೆಗೂ ಕಾಯದೆ 108ಕ್ಕೆ ಫೋನ್ ಮಾಡಬೇಕು. ಗಾಡಿ ತಡವಾದರೆ ಊರಿನ ಯಾರ ಟಂಟಂ, ಯಾರ ಕಾರು ಎಂದು ಮೊದಲೇ ಮಾತಾಡಿಕೊಂಡಿರಬೇಕು. ಅದೇ ಗುಂಪಿನ ರಕ್ತ ಕೊಡುವವರು ಇಬ್ಬರ ಫೋನ್ ನಂಬರ್ ತಾಯಿ ಕಾರ್ಡಿನ ಹಿಂದೆ ಬರೆದಿಡಬೇಕು. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ರಕ್ತಸ್ರಾವದ ಅಪಾಯ ಅತಿ ಹೆಚ್ಚು ಇರುವುದು ಮೊದಲ ದಿನವೇ.

ಏಳನೇ ತಿಂಗಳಲ್ಲಿ ತೋರಿಸಲು ಹೋದಾಗ ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಿ. "ಇಲ್ಲಿ ರಾತ್ರಿ ಸಿಸೇರಿಯನ್ ಮಾಡ್ತೀರೇನ್ರಿ?" "ಅರಿವಳಿಕೆ ಡಾಕ್ಟ್ರು ಯಾವ ದಿನ ಇರಂಗಿಲ್ರಿ?" "ರಕ್ತ ಇಲ್ಲೇ ಸಿಗತದೋ, ಎಲ್ಲಿಂದ ತರಬೇಕು?" ಸಿಸ್ಟರ್ ಕೊಟ್ಟ ಉತ್ತರವನ್ನು ಕಾರ್ಡಿನಲ್ಲೇ ಬರೆದುಕೊಳ್ಳಿ. ಮೂರರಲ್ಲಿ ಒಂದು ಉತ್ತರದಲ್ಲಿ ಕೊರತೆ ಕಂಡರೂ, ಮುಂದಿನ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತು ಎಂದು ಅಂದೇ ಅಲ್ಲೇ ಕೇಳಿ.